ವಾಯಿದೆಯ ಸುಂಕ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಎತ್ತಿನ ಮೇಲೆ ಮೆಣಸು, ಅಡಿಕೆ, ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಇಳಿಯುತ್ತಿದ್ದ ವರ್ತಕರು ಕಟ್ಟೆಯ ಬಳಿ ನಿಂತು ಎಷ್ಟು ಗೋಗರೆದರೂ ಸುಂಕದವನ ಮನಸ್ಸು ಕರಗುತ್ತಿರಲಿಲ್ಲ ಎಂಬ ಅನುಭವ ಆ ಮಾತಿನ ಹಿಂದಿದೆ. ಸುಂಕ ಎಂಬ ಪದ ನಮಗೆ ಹೊಸದಲ್ಲ. ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಅದರ ಬಗೆಗಳು ಬರುತ್ತವೆ; ಅದನ್ನು ನೋಡಿಕೊಳ್ಳುವ ಸುಂಕವೆರ್ಗಡೆಗಳೂ ಬರುತ್ತಾರೆ. ದೇವಾಲಯಕ್ಕೆ ಸುಂಕದ ಹುಟ್ಟುವಳಿಯನ್ನು ಬಿಟ್ಟುಕೊಟ್ಟಾಗಲೋ, ಇಂತಿಷ್ಟು ಎತ್ತಿನ ಹೇರಿಗೆ ಸುಂಕವಿಲ್ಲ ಎಂದು ಮಾಫಿ ಮಾಡಿದಾಗಲೋ ಅದನ್ನು ಕಲ್ಲಿನ ಮೇಲೆ ಕೊರೆಸುತ್ತಿದ್ದರು. ಎಲ್ಲಿಯವರೆಗೆ ಎಂದರೆ ಆಚಂದ್ರಾರ್ಕ, ಅಂದರೆ ಸೂರ್ಯಚಂದ್ರರಿರುವವರೆಗೆ. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪವನ್ನೂ ಕೆಳಗೆ ಸೇರಿಸುತ್ತಿದ್ದರು.

ಆ ಮಾಫಿಗಳೆಲ್ಲ ಸೂರ್ಯಚಂದ್ರರಿರುವವರೆಗೆ ಉಳಿಯಲಿಲ್ಲ, ಅದು ಬೇರೆ ಮಾತು. ರಾಜ್ಯಗಳೇ ಉಳಿಯಲಿಲ್ಲ. ಆದರೆ ರಿಯಾಯಿತಿ ಎಂದರೆ ಅದಕ್ಕೊಂದು ಬಾಳಿಕೆ ಇರಬೇಕು ಎಂಬ ತಿಳಿವಳಿಕೆ ಆ ಮಾತಿನಲ್ಲಿತ್ತು. ಇಂದು ಜಗತ್ತಿನ ಅತಿ ದೊಡ್ಡ ಎರಡು ಆರ್ಥಿಕ ಶಕ್ತಿಗಳಾದ ಅಮೆರಿಕ ಮತ್ತು ಚೀನಾ ಪರಸ್ಪರ ಕೊಟ್ಟುಕೊಂಡ ಸುಂಕದ ರಿಯಾಯಿತಿಗಳ ಚರಿತ್ರೆಯನ್ನು ನೋಡಿದರೆ ಅಲ್ಲಿ ಕಾಣುವ ಅಳತೆ 90 ದಿನ, ಇನ್ನೊಮ್ಮೆ 90 ದಿನ, ಒಮ್ಮೆಯಂತೂ ಬರೀ ಎರಡು ವಾರ. ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ವಾಯಿದೆ ಎಂದರೇನೆಂದು ಹೇಳಬೇಕಾಗಿಲ್ಲ. ಈ ಸುಂಕವೂ ವಾಯಿದೆಯ ಮೇಲೆ ನಡೆದಿದೆ. ಅದರ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಅದಕ್ಕೂ ಮೊದಲು ಒಂದು ವಿಷಯ ತಿಳಿಯಾಗಲಿ. ಚೀನಾದ ಸರಕಿನ ಮೇಲೆ ಅಮೆರಿಕ ಸುಂಕ ಹಾಕಿತು ಎಂದ ಕೂಡಲೇ ಚೀನಾ ಆ ಹಣ ಕಟ್ಟುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಬಂದರಿನಲ್ಲಿ ಹಣ ಕಟ್ಟುವವನು ಆ ಸರಕನ್ನು ತರಿಸಿಕೊಂಡ ಅಮೆರಿಕದ ವರ್ತಕ. ಆಮೇಲೆ ಅವನು ಅದನ್ನು ಗಿರಾಕಿಯ ಮೇಲೆ ಹಾಕುತ್ತಾನೋ, ತಾನೇ ನುಂಗಿಕೊಳ್ಳುತ್ತಾನೋ, ಕಳಿಸಿದವನ ಹತ್ತಿರ ಚೌಕಾಸಿ ಮಾಡುತ್ತಾನೋ ಅದು ಪೇಟೆಯ ಸ್ಥಿತಿಗೆ ಬಿಟ್ಟದ್ದು. ಸುಂಕದ ದರ ಎಂದರೆ ಸರಕು ಬಂದರಿಗೆ ಬಂದು ಕಾಗದಪತ್ರ ಸಲ್ಲಿಕೆಯಾದ ದಿನದ ದರ. ಬೇಡಿಕೆ ಕಳಿಸಿದ ದಿನದ್ದಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಸುಲಭವಾಗಿ ಅರ್ಥವಾಗುತ್ತವೆ.

1930ರ ಜೂನ್ 17ರಂದು ಅಮೆರಿಕದ ಅಧ್ಯಕ್ಷ ಹರ್ಬರ್ಟ್ ಹೂವರ್ ಒಂದು ಸುಂಕದ ಕಾಯಿದೆಗೆ ಸಹಿ ಹಾಕಿದರು. ಅದನ್ನು ಮಂಡಿಸಿದ ಇಬ್ಬರ ಹೆಸರಿನಿಂದ ಅದು ಸ್ಮೂಟ್–ಹಾಲಿ ಕಾಯಿದೆ ಎಂದೇ ಪ್ರಸಿದ್ಧ. ಸಹಿ ಹಾಕಬೇಡಿ ಎಂದು 1,028 ಮಂದಿ ಅರ್ಥಶಾಸ್ತ್ರಜ್ಞರು ಮನವಿ ಮಾಡಿಕೊಂಡಿದ್ದರು. ಫಲ ಸಿಗಲಿಲ್ಲ. ಅಮೆರಿಕ ಗೋಡೆ ಎತ್ತರಿಸಿತು, ಕೆನಡಾ, ಫ್ರಾನ್ಸ್ ಮೊದಲಾದ ದೇಶಗಳು ತಮ್ಮ ಗೋಡೆಯನ್ನೂ ಎತ್ತರಿಸಿದವು. ಆರ್ಥಿಕ ಮಹಾಕುಸಿತಕ್ಕೆ ಈ ಕಾಯಿದೆಯೊಂದೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. ಕುಸಿತ ಅದಾಗಲೇ ಶುರುವಾಗಿತ್ತು. ಆದರೆ ಬಿದ್ದವನು ಏಳದಂತೆ ಮಾಡುವುದರಲ್ಲಿ ಅದರ ಪಾಲೂ ಇತ್ತು. 1934ರಲ್ಲಿ ಅಮೆರಿಕವೇ ದಾರಿ ಬದಲಿಸಿ, ಬೇರೆ ದೇಶಗಳೊಡನೆ ಒಪ್ಪಂದ ಮಾಡಿಕೊಂಡು ಸುಂಕವನ್ನು ಅರ್ಧದವರೆಗೆ ಇಳಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತು.

ಆ ದಾರಿಯ ದೊಡ್ಡ ಮಜಲು 1947ರ ಜಿನೀವಾ. ಯುದ್ಧ ಮುಗಿದು ಎರಡು ವರ್ಷವಾಗಿತ್ತು. 23 ದೇಶಗಳು ಅಲ್ಲಿ ಸೇರಿ ತಿಂಗಳುಗಟ್ಟಲೆ ಕುಳಿತು ಒಂದೊಂದೇ ವಸ್ತುವಿನ ಸುಂಕದ ಬಗ್ಗೆ ಚೌಕಾಸಿ ನಡೆಸಿದವು. ಸುಮಾರು 45 ಸಾವಿರ ರಿಯಾಯಿತಿಗಳ ಪಟ್ಟಿ ಸಿದ್ಧವಾಯಿತು. ಅಕ್ಟೋಬರ್ 30ರಂದು ಸಹಿಯಾದ ಆ ಒಪ್ಪಂದವೇ ಗ್ಯಾಟ್. ಆಗಷ್ಟೇ ಸ್ವತಂತ್ರವಾಗಿದ್ದ ಭಾರತವೂ ಅದರಲ್ಲಿತ್ತು, ಅಂದಿನ ಚೀನಾ ಸರ್ಕಾರವೂ ಇತ್ತು. ಅಲ್ಲಿ ನಡೆದ ಮುಖ್ಯ ಕೆಲಸ ಸುಂಕ ಇಳಿಸಿದ್ದಕ್ಕಿಂತ ಹೆಚ್ಚಾಗಿ, ಇಳಿಸಿದ್ದನ್ನು ಕಟ್ಟಿಹಾಕಿದ್ದು. ಪಟ್ಟಿಯಲ್ಲಿ ಬರೆದ ದರಕ್ಕಿಂತ ಮೇಲೆ ಹೋಗುವುದಿಲ್ಲ ಎಂದು ಪ್ರತಿಯೊಂದು ದೇಶವೂ ಮಾತು ಕೊಡಬೇಕು; ಹೋಗಲೇಬೇಕಾದರೆ ನಷ್ಟವಾದ ದೇಶದೊಡನೆ ಮತ್ತೆ ಕುಳಿತು ಬೇರೆ ವಸ್ತುವಿನಲ್ಲಿ ಪರಿಹಾರ ಕೊಡಬೇಕು. ಶಾಪದ ಜಾಗದಲ್ಲಿ ಪರಿಹಾರ ಬಂತು, ಅಷ್ಟೇ ವ್ಯತ್ಯಾಸ.

ಚೀನಾದ ಮಟ್ಟಿಗೆ ಈ ಕಟ್ಟು ಬಹುಕಾಲ ಅನ್ವಯಿಸಲಿಲ್ಲ. ಕ್ರಾಂತಿಯ ನಂತರ ಅದು ಆ ವ್ಯವಸ್ಥೆಯಿಂದ ಹೊರಗುಳಿಯಿತು. 1980ರಿಂದ ಅಮೆರಿಕ ಚೀನಾದ ಸರಕಿಗೆ ಇತರ ದೇಶಗಳಿಗೆ ಕೊಡುವ ಕಡಿಮೆ ದರವನ್ನೇ ಕೊಡುತ್ತ ಬಂತಾದರೂ ಅದನ್ನು ವರ್ಷವರ್ಷವೂ ನವೀಕರಿಸಬೇಕಾಗಿತ್ತು. 1989ರ ತಿಯಾನನ್‌ಮೆನ್ ಚೌಕದ ಹತ್ಯಾಕಾಂಡದ ನಂತರವಂತೂ ಪ್ರತಿ ಬೇಸಗೆಯಲ್ಲೂ ವಾಷಿಂಗ್ಟನ್ನಿನಲ್ಲಿ ಇದೊಂದು ದೊಡ್ಡ ಜಗಳ. ನವೀಕರಣ ಒಮ್ಮೆಯೂ ತಪ್ಪಲಿಲ್ಲ. ತಪ್ಪಿದ್ದರೆ 1930ರ ಕಾಯಿದೆಯ ಕಾಲದ ಎತ್ತರದ ದರಗಳು ಜಾರಿಗೆ ಬರುತ್ತಿದ್ದವು. 2000ದ ಅಕ್ಟೋಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯಿದೆ ಈ ವಾರ್ಷಿಕ ಪರೀಕ್ಷೆಯನ್ನು ನಿಲ್ಲಿಸಲು ದಾರಿ ಮಾಡಿತು. 2001ರ ಡಿಸೆಂಬರ್ 11ರಂದು ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಮೆರಿಕದಲ್ಲಿ ಚೀನಾದ ಸರಕಿನ ಮೇಲಿದ್ದ ದರ ಆಗ ಹೆಚ್ಚೇನೂ ಇಳಿಯಲಿಲ್ಲ. ಮೊದಲೇ ಕಡಿಮೆ ಇತ್ತು. ಇಳಿದದ್ದು ಮುಂದಿನ ವರ್ಷ ಏರೀತೆಂಬ ಭಯ ಮಾತ್ರ. ಅಷ್ಟಕ್ಕೇ ಚೀನಾದ ರಫ್ತು ಉಕ್ಕಿ ಹರಿಯಿತು. 2000ದಿಂದ 2005ರವರೆಗೆ ಅಮೆರಿಕಕ್ಕೆ ಚೀನಾದ ರಫ್ತು ಬೆಳೆದದ್ದರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಈ ಅನಿಶ್ಚಿತತೆ ಹೋದದ್ದರಿಂದಲೇ ಎಂದು ಕೈಲ್ ಹ್ಯಾಂಡ್ಲಿ ಮತ್ತು ನೂನೋ ಲಿಮಾವೊ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಅದೇ ಬದಲಾವಣೆಯಿಂದ ಅಮೆರಿಕದ ಕಾರ್ಖಾನೆಗಳಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡರೆಂದು ಜಸ್ಟಿನ್ ಪಿಯರ್ಸ್ ಮತ್ತು ಪೀಟರ್ ಶಾಟ್ ತೋರಿಸಿದ್ದಾರೆ. ಎರಡೂ ನಿಜ. ಕಾರ್ಖಾನೆ ಕಟ್ಟುವವನಿಗೆ ಹತ್ತು ವರ್ಷದ ಭರವಸೆ ಬೇಕು. ಆ ಭರವಸೆ ಗುವಾಂಗ್‌ಡಾಂಗ್‌ನಲ್ಲಿ ಬೀಗ ತೆಗೆಸಿದಾಗ ಒಹಾಯೋದಲ್ಲೋ ಉತ್ತರ ಕೆರೊಲಿನಾದಲ್ಲೋ ಬೀಗ ಹಾಕಿಸಿತು. ಮುಂದೆ ಬಂದ ಸುಂಕದ ಜಗಳಕ್ಕೆ ಅಮೆರಿಕದಲ್ಲಿ ಜನಬೆಂಬಲ ಹುಟ್ಟಿದ್ದು ಈ ಬೀಗ ಬಿದ್ದ ಊರುಗಳಲ್ಲಿ.

ಆ ಜಗಳ 2018ರ ಜುಲೈ 6ರಂದು ಶುರುವಾಯಿತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಸರ್ಕಾರ ಚೀನಾದ 3,400 ಕೋಟಿ ಡಾಲರ್ ಮೌಲ್ಯದ ಸರಕಿನ ಮೇಲೆ ಶೇ. 25 ಹೆಚ್ಚುವರಿ ಸುಂಕ ಹಾಕಿತು. ಅಮೆರಿಕದ ಕಂಪನಿಗಳ ತಂತ್ರಜ್ಞಾನವನ್ನು ಚೀನಾ ಬಲವಂತದಿಂದ ಪಡೆಯುತ್ತಿದೆ ಎಂಬುದು ಕೊಟ್ಟ ಕಾರಣ. ಚೀನಾ ಅದೇ ದಿನ ಅಷ್ಟೇ ಮೌಲ್ಯದ ಅಮೆರಿಕದ ಸರಕಿನ ಮೇಲೆ ಅಷ್ಟೇ ಸುಂಕ ಹಾಕಿತು. ಅದರಲ್ಲಿ ಸೋಯಾ ಅವರೆ ಇತ್ತು, ಮೋಟಾರು ಕಾರುಗಳಿದ್ದವು.

ಆ ದಿನಗಳಲ್ಲಿ 'ಪೀಕ್ ಪೆಗಾಸಸ್' ಎಂಬ ಹಡಗು ಹೆಸರಾಯಿತು. ಜೂನ್ ತಿಂಗಳಿನಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ಸುಮಾರು 70 ಸಾವಿರ ಟನ್ ಸೋಯಾ ಹೊತ್ತು ಚೀನಾದ ದಾಲಿಯನ್ ಬಂದರಿನ ಕಡೆ ಹೊರಟಿತ್ತು. ಸುಂಕ ಜಾರಿಯಾಗುವ ಮುಂಚೆ ತಲುಪಬೇಕೆಂದು ಓಡಿತು. ಚೀನಾದ ಜನ ತಮ್ಮ ವೈಬೋ ಜಾಲದಲ್ಲಿ ಕುದುರೆ ರೇಸಿನಂತೆ ಅದರ ಓಟವನ್ನು ಹಿಂಬಾಲಿಸಿದರು. ಹಡಗು ಕೆಲವೇ ಗಂಟೆ ತಡವಾಯಿತು. ಸುಂಕ ಕಟ್ಟಿ ಇಳಿಸುವುದೋ, ಬೇರೆ ದೇಶಕ್ಕೆ ತಿರುಗಿಸುವುದೋ ಎಂದು ನಿರ್ಧರಿಸಲಾಗದೆ ಅದು ಒಂದು ತಿಂಗಳಿಗೂ ಹೆಚ್ಚು ಕಾಲ ಆ ಬಂದರಿನ ಹೊರಗೇ ಕಾದಿತ್ತು. ಆಗಸ್ಟ್ ತಿಂಗಳಿನಲ್ಲಿ ಸರಕು ಇಳಿಯಿತು. ಸುಂಕದ ಕಟ್ಟೆಯಲ್ಲಿ ನಿಂತ ಎತ್ತಿನ ಹೇರಿಗೂ ಇದಕ್ಕೂ ಗಾತ್ರದಲ್ಲಷ್ಟೇ ವ್ಯತ್ಯಾಸ.

ಸೆಪ್ಟೆಂಬರ್ 24ಕ್ಕೆ ಅಮೆರಿಕ ಇನ್ನೂ 20,000 ಕೋಟಿ ಡಾಲರ್ ಸರಕಿನ ಮೇಲೆ ಶೇ. 10 ಸುಂಕ ಹಾಕಿ, 2019ರ ಜನವರಿ 1ಕ್ಕೆ ಅದು ಶೇ. 25 ಆಗುತ್ತದೆ ಎಂದು ಸಾರಿತು. ಆ ಗಡುವಿಗೆ ಒಂದು ತಿಂಗಳಿರುವಾಗ, ಡಿಸೆಂಬರ್ 1ರಂದು, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಜಿ-20 ಸಮಾವೇಶದ ಕೊನೆಗೆ ಟ್ರಂಪ್ ಮತ್ತು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಒಟ್ಟಿಗೆ ರಾತ್ರಿಯ ಊಟಕ್ಕೆ ಕುಳಿತರು. ಊಟ ಮುಗಿಯುವ ಹೊತ್ತಿಗೆ 90 ದಿನಗಳ ವಿರಾಮ ನಿಶ್ಚಯವಾಯಿತು. ಅದೇ ದಿನ ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಚೀನಾದ ಹುವಾವೇ ಕಂಪನಿಯ ಹಿರಿಯ ಅಧಿಕಾರಿ ಮೆಂಗ್ ವಾನ್‌ಝೌ ಅವರನ್ನು ಅಮೆರಿಕದ ಕೋರಿಕೆಯ ಮೇಲೆ ಬಂಧಿಸಲಾಗಿತ್ತು. ಸುದ್ದಿ ಹೊರಬಿದ್ದಾಗ ಸಂಧಾನ ಮುರಿದುಬೀಳುತ್ತದೆಂದೇ ಎಲ್ಲರೂ ಎಣಿಸಿದ್ದರು. ಬೀಳಲಿಲ್ಲ. ಡಿಸೆಂಬರ್ 14ರಂದು ಚೀನಾ ಅಮೆರಿಕದ ಕಾರು ಮತ್ತು ಬಿಡಿಭಾಗಗಳ ಮೇಲೆ ಹಾಕಿದ್ದ ಹೆಚ್ಚುವರಿ ಸುಂಕವನ್ನು ಜನವರಿ 1ರಿಂದ ಮಾರ್ಚ್ 31ರವರೆಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಕಾರುಗಳ ಸುಂಕ ಶೇ. 40ರಿಂದ ಇತರ ದೇಶಗಳ ಕಾರುಗಳಿಗಿದ್ದ ಶೇ. 15ಕ್ಕೆ ಇಳಿಯಿತು.

ಈ ಎರಡು ಕೊಡುಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಚೀನಾ ನಿಜವಾಗಿ ಏನನ್ನೋ ಇಳಿಸಿತು, ಮೂರು ತಿಂಗಳ ಮಟ್ಟಿಗೆ. ಅಮೆರಿಕ ಏನನ್ನೂ ಇಳಿಸಲಿಲ್ಲ. ಏರಿಸುತ್ತೇನೆ ಎಂದಿದ್ದನ್ನು ಮುಂದೂಡಿತು. ಬಾಡಿಗೆ ಹೆಚ್ಚಿಸುತ್ತೇನೆಂದು ಹೆದರಿಸಿದ ಮನೆಯ ಮಾಲೀಕ ಯುಗಾದಿಯವರೆಗೆ ಇರಲಿ ಎಂದರೆ ಬಾಡಿಗೆದಾರ ಕೃತಜ್ಞನಾಗಿರಬೇಕಾದ ಪರಿಸ್ಥಿತಿ ಅದು. ಪತ್ರಿಕೆಗಳ ತಲೆಬರಹದಲ್ಲಿ ಎರಡಕ್ಕೂ ರಿಯಾಯಿತಿ ಎಂಬ ಒಂದೇ ಹೆಸರು.

ಕಾರಿನ ಸುಂಕ ಇಳಿದದ್ದರಿಂದ ಯಾರಿಗೆ ಲಾಭವಾಯಿತು? ಅಮೆರಿಕದಿಂದ ಚೀನಾಕ್ಕೆ ಹೋಗುತ್ತಿದ್ದ ಕಾರುಗಳಲ್ಲಿ ದೊಡ್ಡ ಪಾಲು ಜರ್ಮನ್ ಕಂಪನಿಗಳದ್ದು. ಬಿಎಂಡಬ್ಲ್ಯು ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ, ಮರ್ಸಿಡಿಸ್ ಅಲಬಾಮಾದಲ್ಲಿ ಕಾರು ತಯಾರಿಸಿ ಕಳಿಸುತ್ತವೆ. ಅಮೆರಿಕದ್ದೇ ಆದ ಟೆಸ್ಲಾ ಚೀನಾದಲ್ಲಿ ತನ್ನ ಕಾರುಗಳ ಬೆಲೆಯನ್ನು ಕೂಡಲೇ ಇಳಿಸಿತು. ಆದರೆ ಅದೇ ಟೆಸ್ಲಾ 2019ರ ಜನವರಿ 7ರಂದು, ಅಂದರೆ ರಿಯಾಯಿತಿ ಶುರುವಾದ ಒಂದು ವಾರಕ್ಕೆ, ಶಾಂಘೈನಲ್ಲಿ ತನ್ನ ಕಾರ್ಖಾನೆಗೆ ಗುದ್ದಲಿ ಪೂಜೆ ಮಾಡಿತು. ಆ ವರ್ಷದ ಕೊನೆಗೆ ಅಲ್ಲಿಂದಲೇ ಕಾರುಗಳು ಹೊರಬಂದವು. ಮೂರು ತಿಂಗಳ ಸುಂಕದ ಸಡಿಲವನ್ನು ನಂಬಿ ಯಾರೂ ಬಂಡವಾಳ ಹೂಡುವುದಿಲ್ಲ. ಸಾಮರ್ಥ್ಯವಿದ್ದವರು ಗೋಡೆಯ ಒಳಗೇ ಹೋಗಿ ಮನೆ ಕಟ್ಟಿಕೊಳ್ಳುತ್ತಾರೆ.

ಮುಂದೆ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ಮಾರ್ಚ್ ಗಡುವನ್ನು ಟ್ರಂಪ್ ಮುಂದೂಡಿದರು. ಚೀನಾ ಕಾರುಗಳ ರಿಯಾಯಿತಿಯನ್ನು ಮುಂದುವರಿಸಿತು. ಮೇ ತಿಂಗಳಿನಲ್ಲಿ ಒಪ್ಪಂದದ ಕರಡಿನ ಬಗ್ಗೆ ಮಾತು ಮುರಿಯಿತು. ಮೇ 10ಕ್ಕೆ ಶೇ. 10 ಇದ್ದದ್ದು ಶೇ. 25 ಆಯಿತು. ಜೂನ್ 29ರಂದು ಜಪಾನಿನ ಒಸಾಕಾದಲ್ಲಿ ಮತ್ತೊಂದು ವಿರಾಮ. ಆಗಸ್ಟ್ 1ಕ್ಕೆ ಮತ್ತೊಂದು ಸುಂಕದ ಘೋಷಣೆ. ಆಗಸ್ಟ್ ತಿಂಗಳಿನಲ್ಲಿ ಚೀನಾ ಕಾರುಗಳ ಸುಂಕವನ್ನು ಡಿಸೆಂಬರ್ 15ರಿಂದ ಮತ್ತೆ ಹಾಕುವುದಾಗಿ ಹೇಳಿತು. ಡಿಸೆಂಬರ್ 15 ಬಂದಾಗ ಪುನಃ ತಡೆಹಿಡಿಯಿತು. ಅಕ್ಟೋಬರ್ 1ಕ್ಕೆ ಆಗಬೇಕಿದ್ದ ಏರಿಕೆಯನ್ನು ಅಮೆರಿಕ ಅಕ್ಟೋಬರ್ 15ಕ್ಕೆ ಮುಂದೂಡಿತು. ಚೀನಾ ಜನತಾ ಗಣರಾಜ್ಯಕ್ಕೆ 70 ವರ್ಷ ತುಂಬುವ ಹಬ್ಬ ಅಕ್ಟೋಬರ್ 1ಕ್ಕೇ ಬಂದಿದೆ, ಆ ದಿನ ಬೇಡ ಎಂಬ ಸೌಜನ್ಯ ಅದಕ್ಕೆ ಕಾರಣ. ನಾನು ಮೊದಲು ಹೇಳಿದ ಎರಡು ವಾರದ ಲೆಕ್ಕ ಇದು.

ಹತ್ತನೆಯ ತರಗತಿಯಲ್ಲಿ ಈ ಸಂಗತಿ ಬಂದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಇಳಿಸೋದು ಒಳ್ಳೇದು ಅಂತ ಇಬ್ರಿಗೂ ಗೊತ್ತಲ್ಲ ಟೀಚರ್, ಮತ್ತೆ ಇಳಿಸಿ ಸುಮ್ಮನಿರೋಕೆ ಏನು?" ಎಂದು ಕೇಳಿದಳು. ಮಕ್ಕಳ ಪ್ರಶ್ನೆ ನೇರವಾಗಿರುತ್ತದೆ. ಉತ್ತರವೂ ಇಲ್ಲದಿಲ್ಲ. ಸಂಧಾನಕ್ಕೆ ಕುಳಿತವನು ಕೈಯಲ್ಲಿರುವುದನ್ನೆಲ್ಲ ಮೊದಲೇ ಶಾಶ್ವತವಾಗಿ ಕೊಟ್ಟುಬಿಟ್ಟರೆ ಎದುರಿನವನು ಎದ್ದು ಹೋಗಬಹುದು. ಏನನ್ನೂ ಕೊಡದಿದ್ದರೂ ಎದ್ದು ಹೋಗಬಹುದು. ಆದ್ದರಿಂದ ಸ್ವಲ್ಪ ಕೊಟ್ಟು, ಅದಕ್ಕೆ ಗಡುವು ಕಟ್ಟಿ, ಗಡುವಿನ ತುದಿಯನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತಾನೆ. ಇದು ರಾಜನೀತಿಯ ದೃಷ್ಟಿಯಿಂದ ಜಾಣತನವೇ. ಇಂಥ ತಾತ್ಕಾಲಿಕ ಸಡಿಲಿಕೆಯಿಂದ ಉಪಕಾರವಾದದ್ದೂ ಉಂಟು. 2019ರ ಸೆಪ್ಟೆಂಬರಿನಲ್ಲಿ ಚೀನಾ 16 ಬಗೆಯ ಅಮೆರಿಕದ ವಸ್ತುಗಳಿಗೆ ಒಂದು ವರ್ಷದ ವಿನಾಯಿತಿ ಕೊಟ್ಟಿತು. ಕ್ಯಾನ್ಸರಿನ ಕೆಲವು ಔಷಧಿಗಳೂ ಆ ಪಟ್ಟಿಯಲ್ಲಿದ್ದವು. ಮಾತುಕತೆಯೂ ಕೊನೆಗೆ ಒಂದು ದಡ ಮುಟ್ಟಿತು. 2020ರ ಜನವರಿ 15ರಂದು ಶ್ವೇತಭವನದಲ್ಲಿ ಮೊದಲ ಹಂತದ ಒಪ್ಪಂದಕ್ಕೆ ಸಹಿಯಾಯಿತು. ಕೆಲವು ಸುಂಕಗಳು ಅರ್ಧಕ್ಕಿಳಿದವು. ಎರಡು ವರ್ಷಗಳಲ್ಲಿ 2017ರ ಮಟ್ಟಕ್ಕಿಂತ 20,000 ಕೋಟಿ ಡಾಲರಿನಷ್ಟು ಹೆಚ್ಚು ಅಮೆರಿಕದ ಸರಕು, ಸೇವೆಗಳನ್ನು ಕೊಳ್ಳುವುದಾಗಿ ಚೀನಾ ಮಾತು ಕೊಟ್ಟಿತು. ನಡುವೆ ಕೊರೊನಾ ಬಂತು. ಒಪ್ಪಂದದ ಪ್ರಕಾರ ಕೊಳ್ಳಬೇಕಾಗಿದ್ದ ಒಟ್ಟು ಮೊತ್ತದಲ್ಲಿ ಚೀನಾ ಕೊಂಡದ್ದು ಶೇ. 60ಕ್ಕೂ ಕಡಿಮೆ ಎಂದು ಚಾಡ್ ಬೌನ್ ಎಂಬ ಅರ್ಥಶಾಸ್ತ್ರಜ್ಞರ ಲೆಕ್ಕ ಹೇಳುತ್ತದೆ.

ಈಗ ಸೋಯಾ ಅವರೆಯ ಕಡೆಗೆ ಬರೋಣ. ಬೀದರ್ ಜಿಲ್ಲೆಯ ಮುಂಗಾರಿನ ಹೊಲಗಳನ್ನು ಕಂಡವರಿಗೆ ಈ ಬೆಳೆಯ ಪರಿಚಯ ಇರುತ್ತದೆ. ನಾವು ಅದನ್ನು ಎಣ್ಣೆಯ ಲೆಕ್ಕದಲ್ಲಿ ನೋಡುತ್ತೇವೆ. ಚೀನಾಕ್ಕೆ ಎಣ್ಣೆಯಷ್ಟೇ ಮುಖ್ಯ ಅದರ ಹಿಂಡಿ. ಕೋಟ್ಯಂತರ ಹಂದಿ, ಕೋಳಿಗಳಿಗೆ ಅದೇ ಮೇವು. ಜಗತ್ತಿನ ಪೇಟೆಗೆ ಬರುವ ಸೋಯಾದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಚೀನಾ ಒಂದೇ ಕೊಳ್ಳುತ್ತದೆ. 2017ರಲ್ಲಿ ಅಮೆರಿಕ ಚೀನಾಕ್ಕೆ ಮಾರಿದ ಸೋಯಾದ ಬೆಲೆ ಸುಮಾರು 1,200 ಕೋಟಿ ಡಾಲರ್. 2018ರಲ್ಲಿ ಅದು ಸುಮಾರು 300 ಕೋಟಿ ಡಾಲರಿಗೆ ಕುಸಿಯಿತು. ಬ್ಯೂನಸ್ ಐರಿಸ್‌ನ ಊಟದ ನಂತರ ಚೀನಾದ ಸರ್ಕಾರಿ ಕಂಪನಿಗಳು ಸ್ವಲ್ಪ ಸ್ವಲ್ಪವಾಗಿ ಮತ್ತೆ ಕೊಂಡವು, ಆದರೆ ಸೋಯಾದ ಮೇಲಿನ ಶೇ. 25 ಸುಂಕ ಹಾಗೆಯೇ ಇತ್ತು. ಖಾಸಗಿ ಗಾಣದವರು ಅದರ ಹತ್ತಿರ ಸುಳಿಯಲಿಲ್ಲ. ಸಾಲದ್ದಕ್ಕೆ 2018ರ ಆಗಸ್ಟಿನಿಂದ ಚೀನಾದಲ್ಲಿ ಆಫ್ರಿಕನ್ ಹಂದಿಜ್ವರ ಹರಡಿ ಮೇವಿನ ಬೇಡಿಕೆಯೇ ಕುಗ್ಗಿತು. ತನ್ನ ಸೋಯಾವನ್ನು ರೈಲಿನಲ್ಲಿ ಪಶ್ಚಿಮದ ಬಂದರುಗಳಿಗೆ, ಅಲ್ಲಿಂದ ಚೀನಾಕ್ಕೆ ಕಳಿಸುತ್ತಿದ್ದ ಉತ್ತರ ಡಕೋಟಾದಂಥ ರಾಜ್ಯಕ್ಕೆ ಪೆಟ್ಟು ಜೋರಾಗಿ ಬಿತ್ತು. ಅಮೆರಿಕ ಸರ್ಕಾರ ರೈತರಿಗೆ 2018ರಲ್ಲಿ 1,200 ಕೋಟಿ, 2019ರಲ್ಲಿ 1,600 ಕೋಟಿ ಡಾಲರ್‌ವರೆಗಿನ ನೆರವನ್ನು ಘೋಷಿಸಬೇಕಾಯಿತು.

ಒಕ್ಕಲುತನದ ಪಂಚಾಂಗಕ್ಕೂ ಸಂಧಾನದ ಪಂಚಾಂಗಕ್ಕೂ ಹೊಂದಿಕೆಯಿಲ್ಲ. ಅಮೆರಿಕದ ಮಧ್ಯಪಶ್ಚಿಮದಲ್ಲಿ ಸೋಯಾ ಬಿತ್ತುವುದು ಹೆಚ್ಚಾಗಿ ಮೇ ತಿಂಗಳಲ್ಲಿ, ಕೊಯ್ಲು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಬೀಜ, ಗೊಬ್ಬರ, ಸಾಲ ಇವುಗಳ ನಿರ್ಧಾರ ಅದಕ್ಕೂ ಮೊದಲೇ ಆಗಿರಬೇಕು. 90 ದಿನದಲ್ಲಿ ಬಿತ್ತಿದ ಕಾಳು ಕಾಯಿ ಕಟ್ಟುತ್ತಿರುತ್ತದೆ, ಮಾರಾಟಕ್ಕೆ ಬರುವುದಿಲ್ಲ. ಆ ಗಡುವು ಊಟದ ಮೇಜಿನಲ್ಲಿ ಕುಳಿತವರ ಅನುಕೂಲಕ್ಕೆ ಹುಟ್ಟಿದ್ದು. ಬ್ರೆಜಿಲ್‌ನಲ್ಲಿ ಋತುಮಾನ ತಿರುವುಮುರುವು. ಅಲ್ಲಿ ಫೆಬ್ರವರಿ–ಮಾರ್ಚಿನಲ್ಲಿ ಕೊಯ್ಲು. ಅಲ್ಲಿನ ರೈತನಿಗೆ ಯಾವ ಗಡುವೂ ಇರಲಿಲ್ಲ. ಅವನ ಕಾಳಿಗೆ ಚೀನಾದಲ್ಲಿ ಶೇ. 3ರ ಸುಂಕ, ಇಂದಿಗೂ ನಾಳೆಗೂ ಅದೇ. ಅವನು ಹೊಲ ವಿಸ್ತರಿಸಿದ. 2016ರಲ್ಲಿ ಚೀನಾ ತರಿಸಿಕೊಂಡ ಸೋಯಾದಲ್ಲಿ ಐದರಲ್ಲಿ ಎರಡು ಪಾಲು ಅಮೆರಿಕದ್ದಾಗಿತ್ತು; 2024ರ ಹೊತ್ತಿಗೆ ಅದು ಐದರಲ್ಲಿ ಒಂದು ಪಾಲಿಗೆ ಇಳಿದಿತ್ತು. ನಡುವೆ ಒಪ್ಪಂದವೂ ಆಗಿತ್ತು, ವಿನಾಯಿತಿಯೂ ಸಿಕ್ಕಿತ್ತು. ಆದರೂ ಹೋದ ಗಿರಾಕಿ ಪೂರ್ತಿಯಾಗಿ ಮರಳಲಿಲ್ಲ.

2025ರಲ್ಲಿ ಇದೇ ನಾಟಕ ಇನ್ನಷ್ಟು ದೊಡ್ಡ ರಂಗದಲ್ಲಿ ನಡೆಯಿತು. ಮತ್ತೆ ಅಧ್ಯಕ್ಷರಾದ ಟ್ರಂಪ್ ಫೆಬ್ರವರಿಯಲ್ಲಿ ಶೇ. 10, ಮಾರ್ಚಿನಲ್ಲಿ ಇನ್ನೊಂದು ಶೇ. 10 ಹಾಕಿದರು. ಏಪ್ರಿಲಿನಲ್ಲಿ ಎರಡೂ ಕಡೆಯವರು ಹರಾಜಿನಲ್ಲಿ ಕೂಗಿದಂತೆ ಏರಿಸುತ್ತ ಹೋಗಿ, ತಿಂಗಳ ಮಧ್ಯಕ್ಕೆ ಚೀನಾದ ಸರಕಿನ ಮೇಲೆ ಅಮೆರಿಕದ ಹೊಸ ಸುಂಕ ಶೇ. 145, ಅಮೆರಿಕದ ಸರಕಿನ ಮೇಲೆ ಚೀನಾದ್ದು ಶೇ. 125 ಆಯಿತು. ಇಂಥ ದರಕ್ಕೆ ಸುಂಕ ಎನ್ನುವುದಕ್ಕಿಂತ ಬಾಗಿಲು ಮುಚ್ಚುವುದು ಎನ್ನುವುದೇ ಸರಿ. ಮೇ 10 ಮತ್ತು 11ರಂದು ಉಭಯ ದೇಶಗಳ ಪ್ರತಿನಿಧಿಗಳು ಕುಳಿತರು. ಊರು ಯಾವುದೆಂದರೆ ಜಿನೀವಾ. 1947ರಲ್ಲಿ 45 ಸಾವಿರ ರಿಯಾಯಿತಿಗಳನ್ನು ಕಟ್ಟಿಹಾಕಿದ ಅದೇ ಜಿನೀವಾದಲ್ಲಿ 90 ದಿನಗಳಿಗೆ ಮಾತ್ರ ಎಂಬ ಷರತ್ತಿನೊಂದಿಗೆ ಅಮೆರಿಕದ ದರ ಶೇ. 30ಕ್ಕೂ ಚೀನಾದ ದರ ಶೇ. 10ಕ್ಕೂ ಇಳಿಯಿತು. ಮೇ 14ರಿಂದ ಜಾರಿ.

ಈ ಅಂಕಿಗಳನ್ನು ಒಬ್ಬ ಸಣ್ಣ ವರ್ತಕನ ಅಂಗಡಿಗೆ ತಂದು ನೋಡೋಣ. ಅಮೆರಿಕದಲ್ಲಿ ಮಾರುವ ಆಟಿಕೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಚೀನಾದವು. ಒಂದು ಲಕ್ಷ ಡಾಲರ್ ಬೆಲೆಯ ಆಟಿಕೆ ತರಿಸಿಕೊಂಡವನು ಮೇ ಮೊದಲ ವಾರ ಬಂದರಿನಲ್ಲಿ ಸರಕು ಬಿಡಿಸಿದ್ದರೆ 1,45,000 ಡಾಲರ್ ಸುಂಕ ಕಟ್ಟಬೇಕಾಗಿತ್ತು. ಮೇ 14ರಂದು ಬಿಡಿಸಿದ್ದರೆ 30,000. ಹತ್ತು ದಿನ ಕಾಯುವ ಶಕ್ತಿ ಇದ್ದವನು ಬದುಕಿಕೊಂಡ. ದೊಡ್ಡ ಕಂಪನಿಗಳು ಸರಕನ್ನು ಬಾಂಡೆಡ್ ಗೋದಾಮಿನಲ್ಲಿ, ಎಂದರೆ ಸುಂಕ ಕಟ್ಟುವವರೆಗೆ ಇಟ್ಟುಕೊಳ್ಳುವ ಉಗ್ರಾಣದಲ್ಲಿ, ಇಟ್ಟು ಕಾದವು. ಗೋದಾಮಿನ ಬಾಡಿಗೆ ಕೊಡಲಾಗದ ಸಣ್ಣವರು ಬೇಡಿಕೆಗಳನ್ನೇ ರದ್ದು ಮಾಡಿದ್ದರು. ದರ ಇಳಿದ ಕೂಡಲೇ ಎಲ್ಲರೂ ಒಮ್ಮೆಲೇ ಹಡಗಿಗೆ ನುಗ್ಗಿದರು, ಹಡಗಿನ ಬಾಡಿಗೆ ಏರಿತು. ಚೀನಾದಲ್ಲಿ ತಯಾರಾಗಬೇಕು, ಬಂದರಿಗೆ ಬರಬೇಕು, ಶಾಂತಸಾಗರ ದಾಟಲು ಎರಡು ಮೂರು ವಾರ ಬೇಕು. 90 ದಿನದಲ್ಲಿ ಎಷ್ಟು ಉಳಿಯಿತು? ಶೆನ್‌ಝೆನ್ನಿನ ಕಾರ್ಖಾನೆಯಲ್ಲಿ ಗೊಂಬೆ ಜೋಡಿಸುವ ಕೆಲಸಗಾರರಿಗೆ ಏಪ್ರಿಲಿನಲ್ಲಿ ಕೆಲಸವಿಲ್ಲ, ಜೂನಿನಲ್ಲಿ ರಾತ್ರಿಯೆಲ್ಲ ಕೆಲಸ ಎಂಬಂಥ ಬದುಕು ಇಂಥ ಸುಂಕದ ಇನ್ನೊಂದು ಮುಖ.

ಆಮೇಲೆ ಲಂಡನ್, ಸ್ಟಾಕ್‌ಹೋಮ್, ಮ್ಯಾಡ್ರಿಡ್, ಕೌಲಾಲಂಪುರ ಎಂದು ಸಂಧಾನ ಊರೂರು ತಿರುಗಿತು. ಆಗಸ್ಟ್ ತಿಂಗಳಿನಲ್ಲಿ ಗಡುವು ಮುಗಿಯುವ ಹೊತ್ತಿಗೆ ಇನ್ನೊಂದು 90 ದಿನದ ವಾಯಿದೆ ಸಿಕ್ಕಿತು, ನವೆಂಬರ್ 10ರವರೆಗೆ. ಸೋಯಾದ ಕಥೆ ಅಲ್ಲೂ ಬೇರೆಯೇ. ಮಾರ್ಚಿನಲ್ಲಿ ಚೀನಾ ಅಮೆರಿಕದ ಕೃಷಿ ಉತ್ಪನ್ನಗಳ ಮೇಲೆ ಹಾಕಿದ್ದ ಸುಂಕ ಜಿನೀವಾದ ರಿಯಾಯಿತಿಗೆ ಸೇರಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ, ಹೊಸ ಫಸಲು ಕಣಕ್ಕೆ ಬರುವ ತಿಂಗಳಲ್ಲಿ, ಚೀನಾಕ್ಕೆ ಹೋದ ಅಮೆರಿಕದ ಸೋಯಾ ಸೊನ್ನೆ. ಅಕ್ಟೋಬರ್ 9ಕ್ಕೆ ಚೀನಾ ಅಪರೂಪದ ಖನಿಜಗಳ ರಫ್ತಿನ ಮೇಲೆ ಹಿಡಿತ ಬಿಗಿ ಮಾಡಿತು; ಮರುದಿನ ಟ್ರಂಪ್ ಮತ್ತೆ ಶೇ. 100 ಸುಂಕದ ಬೆದರಿಕೆ ಹಾಕಿದರು. ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಇಬ್ಬರೂ ಅಧ್ಯಕ್ಷರು ಭೇಟಿಯಾದರು. ಅಮೆರಿಕ ಶೇ. 10ರಷ್ಟು ಇಳಿಸಿತು. ಚೀನಾ ಮಾರ್ಚಿನ ಕೃಷಿ ಸುಂಕಗಳನ್ನು ತೆಗೆಯಿತು. ಆ ವರ್ಷದ ಉಳಿದ ದಿನಗಳಲ್ಲಿ 1 ಕೋಟಿ 20 ಲಕ್ಷ ಟನ್, ಮುಂದಿನ ಮೂರು ವರ್ಷ ವರ್ಷಕ್ಕೆ 2 ಕೋಟಿ 50 ಲಕ್ಷ ಟನ್ ಸೋಯಾ ಕೊಳ್ಳಲು ಚೀನಾ ಒಪ್ಪಿದೆ ಎಂದು ಶ್ವೇತಭವನ ಪ್ರಕಟಿಸಿತು. ವಿರಾಮದ ಗಡುವು 2026ರ ನವೆಂಬರ್ 10ಕ್ಕೆ ಹೋಯಿತು. ಇಷ್ಟಾದ ಮೇಲೂ ಚೀನಾದ ಬಂದರಿನಲ್ಲಿ ಅಮೆರಿಕದ ಸೋಯಾದ ಮೇಲೆ ಶೇ. 13 ಸುಂಕ ಉಳಿಯಿತು, ಬ್ರೆಜಿಲ್ಲಿನದರ ಮೇಲೆ ಶೇ. 3.

ಚರಿತ್ರೆಯನ್ನು ಪಾಠ ಮಾಡುವವರು ಒಪ್ಪಂದಗಳ ವರ್ಷ, ತಾರೀಖುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅವು ಎಷ್ಟು ಕಾಲ ಬಾಳಿದವು ಎಂಬುದನ್ನು ಅಷ್ಟಾಗಿ ಕೇಳುವುದಿಲ್ಲ. ಸುಂಕದ ವಿಷಯದಲ್ಲಿ ಆ ಪ್ರಶ್ನೆಯೇ ಮೊದಲು ಬರಬೇಕೆಂದು ನನಗೆ ಅನ್ನಿಸುತ್ತದೆ. ಶೇ. 25 ಸುಂಕ ಹತ್ತು ವರ್ಷ ಇರುತ್ತದೆಂದು ಗೊತ್ತಿದ್ದರೆ ವರ್ತಕ ಅದಕ್ಕೆ ತಕ್ಕ ಉಪಾಯ ಹುಡುಕುತ್ತಾನೆ, ರೈತ ಬೇರೆ ಬೆಳೆ ನೋಡುತ್ತಾನೆ. ಶೇ. 10 ಇದ್ದೂ ಮೂರು ತಿಂಗಳಿಗೆ ಏನಾಗುತ್ತದೋ ಗೊತ್ತಿಲ್ಲವೆಂದರೆ ಅವನು ಮಾಡಬಹುದಾದದ್ದು ಓಡುವುದು ಅಥವಾ ಕಾಯುವುದು. ಓಡಲು ಹಡಗು, ಕಾಯಲು ಗೋದಾಮು ಇದ್ದವರಿಗೆ ಅದು ನಡೆದೀತು. 1980ರಿಂದ 2001ರವರೆಗಿನ ವರ್ಷವರ್ಷದ ನವೀಕರಣ ಕಲಿಸಿದ ಪಾಠ ಇದೇ ಆಗಿತ್ತು, ಅದನ್ನು ಎರಡೂ ದೇಶಗಳು ಮರೆತವು.

ಬುಸಾನ್‌ನ ಸುದ್ದಿ ಬಂದಾಗ ಅಯೋವಾ, ಇಲಿನಾಯ್‌ಗಳಲ್ಲಿ ಸೋಯಾದ ಕೊಯ್ಲು ಹೆಚ್ಚುಕಡಿಮೆ ಮುಗಿದಿತ್ತು. ಬ್ರೆಜಿಲ್‌ನ ಮಾತೊ ಗ್ರೊಸ್ಸೊ ಬಯಲಿನಲ್ಲಿ ಆಗ ಮುಂದಿನ ಫಸಲಿನ ಬಿತ್ತನೆ ನಡೆದಿತ್ತು.